ತಮ್ಮನಿಗೆ ದಿಕ್ಕು ಬಿಟ್ಟುಕೊಟ್ಟ ಪುಟ್ಟಮಾದಯ್ಯ

೧೯೯೬ರ ಅಕ್ಟೋಬರ್ ತಿಂಗಳ ಒಂದು ಬುಧವಾರ, ಬೆಳಗ್ಗೆ ಆರೂವರೆ. ಉಡಿಗಾಲದ ಪುಟ್ಟಮಾದಯ್ಯ ತೆರಕಣಾಂಬಿ ಹತ್ತಿರದ ಹೊಲವೊಂದರಲ್ಲಿ ಬಲೆಬೇಲಿಯ ಬಾಯಿಗೆ ಕೋಲು ಅಡ್ಡ ಹಿಡಿದು ಕುರಿಗಳನ್ನು ಒಂದೊಂದಾಗಿ ಹೊರಗೆ ಬಿಡುತ್ತಿದ್ದ. ಕೋಲಿನಡಿ ನುಸುಳುವಾಗ ಪ್ರತಿಯೊಂದರ ಕಣ್ಣು, ಗೊರಸು, ಬೆನ್ನು ನೋಡುತ್ತಿದ್ದ.

ಹೊಲವನ್ನು ಗುತ್ತಿಗೆಗೆ ಪಡೆದಿದ್ದವರು ವಯನಾಡಿನ ವರ್ಗೀಸ್. ಬೇಸಿಗೆ ಮಳೆಗೆ ಶುಂಠಿ ಹಾಕುವವರಿದ್ದರು. ಅದಕ್ಕೆ ಮೊದಲು ಗೊಬ್ಬರಕ್ಕೆಂದು ರಾತ್ರಿ ಹೊತ್ತು ಕುರಿಮಂದೆ ನಿಲ್ಲಿಸಿಕೊಂಡಿದ್ದರು. ಪುಟ್ಟಮಾದಯ್ಯನ ಬದುಕೇ ಇದು: ಹಗಲೆಲ್ಲ ಮೇವು, ಸಂಜೆಗೆ ಯಾರದೋ ಹೊಲ, ಕೂಲಿಗೆ ರಾಗಿ. ಊರಿನಲ್ಲಿದ್ದ ಹೆಂಡತಿ ರಾಚಮ್ಮ ಅವನನ್ನು ‘ನಮ್ಮನೆ ನೆಂಟ’ ಎನ್ನುತ್ತಿದ್ದಳು.

“ನೀವು ಮಾಡೋದು ನಮ್ಮ ವೇದಪುಸ್ತಕದಲ್ಲೂ ಉಂಟು ಮಾದಯ್ಯ,” ಎಂದರು ವರ್ಗೀಸ್. “ಕುರಿ ಕೋಲಿನ ಅಡಿ ಹೋಗ್ಬೇಕು. ಹತ್ತನೇದು ದೇವರಿಗೆ.”

“ನಮ್ ದೇವ್ರು ವರ್ಸಕ್ಕೊಂದು ಸಾಕು ಅಂತಾನೆ ಬುಡಿ ಚೇಟ. ನಿಮ್ಮೋನು ಬಾಳ ದುಬಾರಿ.” ವರ್ಗೀಸರನ್ನು ಅವನು ಮಲಯಾಳದಲ್ಲೇ ‘ಚೇಟ’, ಅಂದರೆ ಅಣ್ಣ, ಎನ್ನುತ್ತಿದ್ದ.

ವರ್ಗೀಸ್ ನಕ್ಕು ಹೇಳತೊಡಗಿದರು. ಬೈಬಲಿನ ಇಬ್ರಿಯರ, ಅಂದರೆ ಯೆಹೂದ್ಯರ, ಹಿರಿಯರು ಗುಡಾರ ಹೊತ್ತು ತಿರುಗುತ್ತಿದ್ದ ಕುರಿಗಾರರು. ಮುಂದೆ ಊರು ಕಟ್ಟಿ ಬೇಸಾಯ ಹಿಡಿದ ಮೇಲೂ, ಮೊದಲ ಫಸಲನ್ನು ದೇವರೆದುರು ಇಡುವಾಗ ತಮ್ಮ ಮೂಲಪುರುಷ ಅಲೆಮಾರಿಯಾಗಿದ್ದ ಎಂದು ಬಾಯಿಬಿಟ್ಟು ಹೇಳಬೇಕಿತ್ತು. ನೆಲ ತಮ್ಮದಲ್ಲ, ಇರಲು ಕೊಟ್ಟದ್ದು ಎಂಬುದನ್ನು ಮರೆಯಬಾರದು. ಆ ಹಿರಿಯರಲ್ಲಿ ಅಬ್ರಹಾಮ ಮತ್ತು ಅವನ ಒಡಹುಟ್ಟಿದವನ ಮಗ ಲೋಟ ಎಂಬುವನು ಒಟ್ಟಿಗೆ ಮೇಯಿಸುತ್ತಿದ್ದರು. ಹಿಂಡು ಬೆಳೆಯಿತು, ಹುಲ್ಲು ಸಾಲಲಿಲ್ಲ, ಆಳುಗಳು ಕಿತ್ತಾಡಿದರು. ಆಗ ದಿಕ್ಕು ಆರಿಸುವ ಹಕ್ಕನ್ನು ಹಿರಿಯನೇ ಕಿರಿಯನಿಗೆ ಬಿಟ್ಟ. ಕಿರಿಯನು ನೀರಿದ್ದ ಹಸಿರು ಬಯಲನ್ನು ಆರಿಸಿಕೊಂಡ.

ಅಷ್ಟರಲ್ಲಿ ಕೂಲಿಯಾಳುಗಳು ಬಂದರು. ಕತೆ ಅಲ್ಲಿಗೇ ನಿಂತಿತು.

ಆ ವರ್ಷ ಅರಣ್ಯ ಇಲಾಖೆಯವರು ಕಾಡಂಚಿನಲ್ಲಿ ಮೇಯಿಸಲು ಬಿಡುತ್ತಿರಲಿಲ್ಲ. ಪುಟ್ಟಮಾದಯ್ಯನಿಗೂ ಜೊತೆಗೇ ಮೇಯಿಸುತ್ತಿದ್ದ ತಮ್ಮ ಮಹಾಲಿಂಗನಿಗೂ ಹುಲ್ಲಿನ ಜಗಳ ಮುಗಿಯುತ್ತಲೇ ಇರಲಿಲ್ಲ. ಅಂದು ಸಂಜೆ ಪುಟ್ಟಮಾದಯ್ಯ ವರ್ಗೀಸರ ಕತೆ ನೆನೆದು ಮಂದೆಯನ್ನು ಎರಡು ಮಾಡಿದ.

“ನೀನೇ ಆರಿಸ್ಕೊ ಕಣ್ಲಾ. ನೀ ಬುಟ್ಟಿದ್ ಕಡೆ ನಾನು ಓಯ್ತೀನಿ.”

“ಬೇಗೂರ್ ಕಡೆ ಕೆರೆ ಅಂಗಳ,” ಎಂದ ಮಹಾಲಿಂಗ, ಯೋಚಿಸದೆ. “ಮೊಣಕಾಲುದ್ದ ಉಲ್ಲು ಅದೆ.”

ಕೆಲವು ದಿನ ಬಿಟ್ಟು ವಿಷಯ ತಿಳಿದ ವರ್ಗೀಸ್ ಸೇದುತ್ತಿದ್ದ ಬೀಡಿಯನ್ನು ನೆಲಕ್ಕೊತ್ತಿದರು. “ಅಯ್ಯೋ, ಕತೆ ಮುಗಿದಿರ್ಲಿಲ್ಲ ಮಾದಯ್ಯ. ಆ ಬಯಲಿನ ಊರುಗಳ ಮೇಲೆ ಆಮೇಲೆ ಬೆಂಕಿ ಬಿತ್ತು.”

ಪುಟ್ಟಮಾದಯ್ಯ ಅಂದೇ ಬೇಗೂರಿನ ಬಸ್ಸು ಹತ್ತಿದ. ಕೆರೆಯ ನೀರು ಹಿಂದೆ ಸರಿದಲ್ಲೆಲ್ಲ ಹುಲ್ಲು ಎದ್ದಿತ್ತು. ಅದರ ಬುಡದ ಕೆಸರಿನಲ್ಲಿ ಸಣ್ಣ ಬಸವನಹುಳುಗಳು ಮುತ್ತಿಕೊಂಡಿದ್ದವು. ಗಾಳಿಯಿಲ್ಲದ ಬಯಲಿನಲ್ಲಿ ಕುರಿಗಳು ತಲೆಯೆತ್ತದೆ ಮೇಯುತ್ತಿದ್ದವು.

“ವಾಪಸ್ ಬಾರ್ಲಾ. ಈ ಕೆಸ್ರು ಒಳ್ಳೇದಲ್ಲ.”

“ಕೊಟ್ಬುಟ್ಟು ಈಗ ಒಟ್ಟೆಕಿಚ್ಚಾ ಅಣ್ಣ? ನಿನ್ ಕುರಿ ಮೂಳೆ ಬುಟ್ಕೊಂಡವೆ, ಅವುನ್ ನೋಡ್ಕೊ ಓಗು.”

ತಮ್ಮನ ಕುರಿಗಳ ಮೈ ಮಿಂಚುತ್ತಿತ್ತು. ಪುಟ್ಟಮಾದಯ್ಯ ಒಬ್ಬನೇ ಬಸ್ಸಿಗೆ ಹಿಂತಿರುಗಿದ.

ಬಸವನಹುಳುವಿನಿಂದ ಹೊರಬಿದ್ದ ಜಂತುವಿನ ಮರಿಗಳು ಒದ್ದೆ ಹುಲ್ಲಿಗೆ ಅಂಟಿಕೊಳ್ಳುತ್ತವೆ. ಆ ಹುಲ್ಲು ಮೇಯ್ದ ಕುರಿಯ ಪಿತ್ತಜನಕಾಂಗವನ್ನು ಅವು ಒಳಗೊಳಗೇ ಕೊರೆಯುತ್ತವೆ. ಮೊದಮೊದಲು ಹೊರಗೆ ಏನೂ ಕಾಣುವುದಿಲ್ಲ. ಕುರಿ ಮೈದುಂಬಿದಂತೆಯೂ ತೋರಬಹುದು. ಸಂಕ್ರಾಂತಿಯ ಹೊತ್ತಿಗೆ ಮಹಾಲಿಂಗನ ಕುರಿಗಳ ದವಡೆಯಡಿ ನೀರು ತುಂಬಿ ಚರ್ಮ ಜೋತುಬಿತ್ತು, ಕಣ್ಣಿನ ಒಳರೆಪ್ಪೆ ಬಿಳಿಚಿತು. ಬೆಳಗಾದರೆ ಒಂದೆರಡು ಮಲಗಿದಲ್ಲೇ ಸತ್ತಿರುತ್ತಿದ್ದವು.

ಉಳಿದವನ್ನು ಮಹಾಲಿಂಗ ತೆರಕಣಾಂಬಿಗೆ ನಡೆಸಿಕೊಂಡು ಬಂದ. “ಅಣ್ಣ,” ಎಂದ. ಪುಟ್ಟಮಾದಯ್ಯ ಕೋಲು ಅಡ್ಡ ಹಿಡಿದು ಬಲೆಯ ಬಾಯಿ ತೆರೆದ.

ಪಶುವೈದ್ಯರು ಬಂದು ರೆಪ್ಪೆ ಬಿಡಿಸಿ ನೋಡಿ, ಔಷಧಿಯನ್ನು ಮೈಸೂರಿನಿಂದ ತರಿಸಬೇಕೆಂದರು. ಕಾಯಿಲೆಯವು ಎಷ್ಟಿವೆ ಎಂದು ಕೇಳಿದರು.

ಜೀವಂತ ಕುರಿಗಳ ಲೆಕ್ಕವನ್ನು ಈ ಅಣ್ಣತಮ್ಮಂದಿರ ಮನೆತನದಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಮಂದೆ ಕರಗುತ್ತದೆಂಬ ಭಯ.

“ಲೆಕ್ಕ ಏಳ್ಬ್ಯಾಡ ಅಣ್ಣ. ಇರೋವೂ ಓಯ್ತವೆ,” ಎಂದ ಮಹಾಲಿಂಗ.

“ಅಂದಾಜಿಗೆ ತರೋಕಾಗಲ್ಲಪ್ಪ. ಕಮ್ಮಿ ಬಿದ್ರೆ ಯಾವುದನ್ನ ಸಾಯೋಕೆ ಬಿಡ್ತೀರಿ?” ಎಂದರು ವೈದ್ಯರು.

ಬದುವಿನ ಮೇಲೆ ನಿಂತಿದ್ದ ವರ್ಗೀಸರಿಗೆ ತಮ್ಮ ಗ್ರಂಥದ ಇನ್ನೊಂದು ಕತೆ ಗೊತ್ತಿತ್ತು: ತನ್ನ ಜನರನ್ನು ಎಣಿಸಿದ ಅರಸನ ನಾಡಿಗೆ ಪಿಡುಗು ಬಂದದ್ದು. ಈ ಸಲ ಅವರು ತುಟಿ ಬಿಚ್ಚಲಿಲ್ಲ.

ಪುಟ್ಟಮಾದಯ್ಯ ತಮ್ಮನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ:

“ನಲವತ್ತಮೂರು.”