ಐದು ಯಂತ್ರಕ್ಕೂ ಒಂದನೇ ನಂಬರು

ಸೋಪಿನ ಕಾರ್ಖಾನೆಯ ಟೆಸ್ಟರ್ ಮಾಮನನ್ನು ಸುಳ್ಳುಗಾರ ಎಂದರೆ ಅದು ಶುದ್ಧ ಅನ್ಯಾಯ. ಆ ಮನುಷ್ಯ ಇಡೀ ಜನ್ಮದಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನು ಐದು ಜನರಿಗೆ ಬೇರೆ ಬೇರೆಯಾಗಿ ಹೇಳಿದ್ದ, ಅಷ್ಟೇ.

ಅವನು ಅಲ್ಲಿಯ ಎಲೆಕ್ಟ್ರಿಷಿಯನ್. ಅಂಗಿಯ ಜೇಬಿನಲ್ಲಿ ಸದಾ ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಆ ಹೆಸರು. ಕಾರ್ಖಾನೆಯಲ್ಲಿ ಐದು ಯಂತ್ರಗಳು ಸಾಲಾಗಿ ನಿಂತಿದ್ದವು. ಒಂದು ಬೇಯಿಸುತ್ತಿತ್ತು, ಒಂದು ಒಣಗಿಸುತ್ತಿತ್ತು, ಒಂದು ಕತ್ತರಿಸುತ್ತಿತ್ತು, ಒಂದು ಅಚ್ಚೊತ್ತುತ್ತಿತ್ತು, ಕೊನೆಯದು ಕಾಗದ ಸುತ್ತುತ್ತಿತ್ತು. ಒಂದೊಂದಕ್ಕೂ ಒಬ್ಬೊಬ್ಬ ಮೇಸ್ತ್ರಿ. ಕಾಗದದ ಯಂತ್ರಕ್ಕೆ ಮಾತ್ರ ಒಬ್ಬಾಕೆ, ಎಲ್ಲರ ಬಾಯಲ್ಲೂ ಪ್ಯಾಕಿಂಗ್ ಅಕ್ಕ. ಮೊದಲೆಲ್ಲ ಯಂತ್ರದಿಂದ ಯಂತ್ರಕ್ಕೆ ಸುದ್ದಿ ಮುಟ್ಟುತ್ತಿದ್ದುದು ಗಂಟಲಿನ ಬಲದಿಂದ. ಕಾಗದ ಸಿಕ್ಕಿಕೊಂಡರೆ ಅಕ್ಕ ಕೂಗಬೇಕು, ಅಚ್ಚಿನವನು ಕೇಳಿಸಿಕೊಂಡು ಹಿಂದಕ್ಕೆ ಕೂಗಬೇಕು. ಅದು ಬೇಯಿಸುವ ಮೇಸ್ತ್ರಿಯ ಕಿವಿಗೆ ಬೀಳುವಷ್ಟರಲ್ಲಿ ನೆಲದ ತುಂಬ ಮೊಣಕಾಲೆತ್ತರ ಸೋಪು.

ಒಂಬತ್ತು ವರ್ಷದ ಹಿಂದೆ ಮ್ಯಾನೇಜರಿಗೆ ಈ ಕೂಗಾಟ ಸಾಕಾಯಿತು. ಪ್ರತಿ ಯಂತ್ರದ ಪ್ಯಾನೆಲ್ ಪೆಟ್ಟಿಗೆಗೂ ಅದನ್ನು ನಡೆಸುವ ಒಂದು ಕಂಟ್ರೋಲರ್ ತರಿಸಿದರು. ಐದನ್ನೂ ಒಂದೇ ಕೇಬಲಿನಲ್ಲಿ ಪೋಣಿಸಿಬಿಟ್ಟರೆ ಅವು ತಮ್ಮ ತಮ್ಮ ಸುದ್ದಿ ತಾವೇ ಹಂಚಿಕೊಳ್ಳುತ್ತವೆ, ಮುಂದಿನದು ನಿಂತರೆ ಹಿಂದಿನದು ತಾನಾಗಿಯೇ ನಿಧಾನವಾಗುತ್ತದೆ. ಕೆಲಸ ಕಲಿಸಲು ಕಂಪನಿಯಿಂದ ಒಬ್ಬ ಬಂದ. ಒಂದೊಂದು ಕಂಟ್ರೋಲರಿಗೂ ಒಂದೊಂದು ನಂಬರು ಕೊಡಬೇಕು, ಎರಡಕ್ಕೆ ಒಂದೇ ನಂಬರು ಬಿದ್ದರೆ ಎರಡೂ ಮೂಕವಾಗುತ್ತವೆ ಎಂದು ವಿವರಿಸಿದ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಎಲ್ಲ ಸರಿಯಿತ್ತು. ಹೊರಡುವಾಗ ಆ ಪುಣ್ಯಾತ್ಮ ಮೇಸ್ತ್ರಿಗಳ ಎದುರಿಗೇ, "ಒಂದನೇ ನಂಬರಿನದು ಮೊದಲು ಮಾತಾಡುತ್ತೆ, ಉಳಿದವು ಅವುಗಳ ಸರದಿ ಬಂದಾಗ" ಎಂದು ಹೇಳಿ ಬಸ್ಸು ಹತ್ತಿದ.

ಶುರುವಾಯಿತು ನೋಡಿ.

"ನಾನು ಬೇಯಿಸದೆ ಇವರೆಲ್ಲ ಏನನ್ನ ಕತ್ತರಿಸ್ತಾರೆ? ಒಂದು ನನಗೇ" ಎಂದ ಬೇಯಿಸುವ ಮೇಸ್ತ್ರಿ.

"ಕಾಗದ ಸುತ್ತದೆ ಇದ್ರೆ ನಿನ್ನ ಸೋಪನ್ನ ಯಾರಪ್ಪ ಮೂಸಿ ನೋಡ್ತಾರೆ?" ಎಂದಳು ಪ್ಯಾಕಿಂಗ್ ಅಕ್ಕ.

ಒಣಗಿಸುವವನು ತನ್ನ ಇಪ್ಪತ್ತೆರಡು ವರ್ಷದ ಸರ್ವಿಸ್ ತೆಗೆದ. ಕತ್ತರಿಸುವವನು ಊಟ ಬಿಟ್ಟ. ಅಚ್ಚಿನವನು, ಐದನೇ ನಂಬರು ಕೊಟ್ಟರೆ ಹೆಂಡತಿಗೆ ಯಾವ ಮುಖ ತೋರಿಸಲಿ ಎಂದು ನಿಜವಾಗಿಯೂ ಕಣ್ಣೀರು ಹಾಕಿದ. ಹತ್ತೊಂಬತ್ತು ದಿನ ಹೊಸ ಕೇಬಲು ಹಗ್ಗದ ಹಾಗೆ ಬಿದ್ದುಕೊಂಡಿತ್ತು. ಇಪ್ಪತ್ತನೇ ದಿನ ಮ್ಯಾನೇಜರು ಮಾಮನನ್ನು ಕರೆದು, "ನಾಳೆ ಲೈನ್ ಓಡದಿದ್ರೆ ನೀವು ಓಡ್ತೀರಿ" ಎಂದರು.

ಮಾಮ ಅಂದು ಸಂಜೆ ತಗಡಿನ ಐದು ಚಿಕ್ಕ ಪಟ್ಟಿ ಕತ್ತರಿಸಿ, ಐದರ ಮೇಲೂ ಕೆಂಪು ಬಣ್ಣದಲ್ಲಿ ಒಂದು ಎಂದು ಬರೆದ. ಪ್ಯಾನೆಲ್ಲಿನ ಬೀಗದ ಕೈ ಆಯಾ ಮೇಸ್ತ್ರಿಯ ಹತ್ತಿರ ಮಾತ್ರ ಇರುತ್ತಿತ್ತು. ಬಾಗಿಲಿನ ಒಳಮೈಗೆ ಪಟ್ಟಿ ಅಂಟಿಸಿ, ಒಬ್ಬೊಬ್ಬರನ್ನೇ ಕರೆದು ತೋರಿಸಿ, "ನಿಮ್ಮದೇ ಒಂದನೇದು. ಬೇರೆಯವರಿಗೆ ಹೇಳ್ಬೇಡಿ, ಪಾಪ, ನೊಂದ್ಕೋತಾರೆ" ಎಂದ. ಕಂಟ್ರೋಲರಿನ ಮೈಮೇಲೆ ಬಟನ್ನಿನಷ್ಟು ಚಿಕ್ಕ ಸ್ವಿಚ್ಚು ಇರುತ್ತದೆ, ನಿಜವಾದ ನಂಬರು ಅದರದ್ದು. ಆ ಐದು ಸ್ವಿಚ್ಚುಗಳನ್ನು ಮನಸ್ಸಿಗೆ ಬಂದ ಕ್ರಮದಲ್ಲಿ ಎರಡರಿಂದ ಆರರವರೆಗೆ ಒಂದೊಂದು ನಂಬರಿಗೆ ತಿರುಗಿಸಿಟ್ಟ. ಒಂದನೇ ನಂಬರನ್ನು ಯಾರಿಗೂ ಕೊಡಲಿಲ್ಲ. ಮೋಸ ಮಾಡುವುದೇ ಆದರೆ ಐವರಿಗೂ ಸಮನಾಗಿ ಮಾಡಬೇಕು ಎಂಬ ನಿಯತ್ತು ಅವನದು.

ಆಮೇಲೆ ನೆಲೆಸಿದಂಥ ಶಾಂತಿಯನ್ನು ಆ ಕಾರ್ಖಾನೆಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ತಾನೇ ಮೊದಲು ಎಂದು ಗೊತ್ತಾದ ಮೇಲೆ ಪ್ರತಿಯೊಬ್ಬರಿಗೂ ಉಳಿದ ನಾಲ್ವರ ಮೇಲೆ ಕರುಣೆ ಉಕ್ಕಿತು. ಬೇಯಿಸುವವನು ಅಕ್ಕನಿಗೆ ಕುರ್ಚಿ ಬಿಟ್ಟುಕೊಟ್ಟ. ಅಕ್ಕ ಅಚ್ಚಿನವನ ಮಗಳಿಗೆ ಸ್ವೆಟರ್ ಹೆಣೆದಳು. ಕ್ಯಾಂಟೀನಿನ ಬಾಗಿಲಲ್ಲಿ "ನೀವು ಮೊದಲು, ನೀವು ಮೊದಲು" ಎನ್ನುತ್ತ ಐವರೂ ನಿಂತುಬಿಡುವುದರಿಂದ ಟೀ ಆರಿಹೋಗುತ್ತಿತ್ತು.

ಇಕ್ಕಟ್ಟಿಗೆ ಸಿಕ್ಕಿಕೊಂಡವನು ಮಾಮ ಒಬ್ಬನೇ. ಕಂಟ್ರೋಲರ್ ಕೆಟ್ಟು ಹೊಸದು ಹಾಕುವಾಗ ಬೇರೆ ಯಾರಾದರೂ ಪಟ್ಟಿ ನೋಡಿ ಒಂದು ಎಂದು ತಿರುಗಿಸಿದರೆ, ಇನ್ನೊಮ್ಮೆ ಇನ್ನೊಂದಕ್ಕೂ ಹಾಗೇ ಮಾಡಿದರೆ, ಲೈನೂ ಹೋಯಿತು, ಮಾನವೂ ಹೋಯಿತು. ಹಾಗಾಗಿ ಅವನು ರಜೆ ಹಾಕುವುದನ್ನೇ ಬಿಟ್ಟ. ಮದುವೆಗಳಿಗೆ ಹೆಂಡತಿ ಒಬ್ಬಳೇ ಹೋದಳು. ನಾಲ್ಕು ವರ್ಷದ ಹಿಂದೆ ಆರು ತಾಸಿನ ದಾರಿಯಾಚೆ ಮಗಳ ಮೊದಲ ಹೆರಿಗೆಯಾದಾಗ, ಇವನು ಚೀಲ ತುಂಬಿಕೊಂಡು ಬಸ್ ನಿಲ್ದಾಣದವರೆಗೂ ಹೋಗಿ, ಒಣಗಿಸುವ ಯಂತ್ರದ ಕಂಟ್ರೋಲರ್ ಹಿಂದಿನ ದಿನ ಗುಂಯ್ ಎಂದದ್ದು ನೆನಪಾಗಿ ವಾಪಸ್ ಬಂದಿದ್ದ. ಆ ಮೊಮ್ಮಗಳು ಇವನನ್ನು ಕರೆಯುವುದು ಫೋನ್ ತಾತ ಎಂದು.

ಈಗ ಮಗಳು ಮತ್ತೆ ತುಂಬು ಬಸುರಿ. ಹೆಂಡತಿ ಸೀರೆ ಮಡಿಸುತ್ತ ಹೇಳಿದಳು: "ರೀ, ಈ ಸಲ ಅವಳು ನಿಮ್ಮನ್ನ ಕರೆದೇ ಇಲ್ಲ. ಅಪ್ಪ ಹೇಗೂ ಬರಲ್ಲ ಬಿಡಮ್ಮ ಅಂದ್ಲು. ಕರೆದು ಬೈದಿದ್ರೆ ನನಗೆ ಇಷ್ಟು ಸಂಕಟ ಆಗ್ತಿರಲಿಲ್ಲ."

 ಮಾನ ಹೋದರೆ ಹೋಗಲಿ, ಎಲ್ಲ ಒಪ್ಪಿಕೊಂಡು ಹೊರಟುಬಿಡುತ್ತೇನೆ ಎಂದುಕೊಂಡು ಮಾಮ ಮರುದಿನ ಬೆಳಗ್ಗೆ ಮೊದಲು ಬೇಯಿಸುವ ಮೇಸ್ತ್ರಿಯ ಹತ್ತಿರ ಹೋದ.

"ಒಂದು ತಪ್ಪು ಮಾಡಿದೀನಿ. ನಿಮ್ಮ ನಂಬರು..."

"ನಾಲ್ಕು" ಎಂದ ಮೇಸ್ತ್ರಿ. "ಗೊತ್ತು ಮಾಮ. ಏಳು ವರ್ಷ ಆಯ್ತು. ಧೂಳು ಒರೆಸುವಾಗ ಸ್ವಿಚ್ ನೋಡ್ದೆ." ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಿಮ್ಮ ದಮ್ಮಯ್ಯ, ಅಕ್ಕನಿಗೆ ಮಾತ್ರ ಹೇಳ್ಬೇಡಿ. ತನ್ನದೇ ಒಂದು ಅಂತ ನಂಬ್ಕೊಂಡು ಖುಷಿಯಾಗಿದಾರೆ."

ಅಕ್ಕ ಕಾಗದದ ಸುರುಳಿ ಏರಿಸುತ್ತಲೇ ನಕ್ಕಳು. "ನಂದು ಆರು ಅಲ್ವಾ? ಎರಡನೇ ವಾರಕ್ಕೇ ಗೊತ್ತಾಯ್ತು. ಆದ್ರೆ ಅಚ್ಚಿನವನಿಗೆ ಗೊತ್ತಾಗೋದು ಬೇಡ, ಅವನ ಎದೆ ಗಟ್ಟಿ ಇಲ್ಲ."

ಅಚ್ಚಿನವನು ಒಣಗಿಸುವವನಿಗಾಗಿ ಮರುಗಿದ. ಒಣಗಿಸುವವನು ಕತ್ತರಿಸುವವನಿಗಾಗಿ. ಕತ್ತರಿಸುವವನಿಗೆ ಬೇಯಿಸುವವನದೇ ಚಿಂತೆ.

ಮಾಮ ಕತ್ತರಿಸುವವನನ್ನೇ ಹಿಡಿದು ಕೇಳಿದ: "ಅಲ್ಲಪ್ಪ, ನಾನಿಲ್ಲದಾಗ ಕಂಟ್ರೋಲರ್ ಬದಲಾಯಿಸಬೇಕಾದ್ರೆ?"

"ಅದಕ್ಕೇನು, ನಾನೇ ಎರಡು ಸಲ ಬದಲಾಯಿಸಿದೀನಲ್ಲ" ಎಂದ ಕತ್ತರಿಸುವವನು. "ನಿಮಗೆ ಜ್ವರ ಬಂದಿತ್ತಲ್ಲ, ಅವಾಗೊಂದ್ಸಲ. ಮೂರಕ್ಕೆ ತಿರುಗಿಸಿದ್ರೆ ಆಯ್ತು. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ಮ್ಯಾನೇಜರು ತಲೆಯನ್ನೂ ಎತ್ತದೆ ರಜೆಯ ಅರ್ಜಿಗೆ ಸಹಿ ಹಾಕಿದರು. ಒಂಬತ್ತು ವರ್ಷ ಅವನು ಹೆದರಿದ್ದ ಸಹಿ ಅರ್ಧ ನಿಮಿಷವೂ ಹಿಡಿಯಲಿಲ್ಲ. ಬಸ್ಸಿನಲ್ಲಿ ಹೆಂಡತಿ ಖುಷಿಯಿಂದ ಏನೇನೋ ಹೇಳುತ್ತಿದ್ದಳು. ಮಾಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಎರಡನ್ನೂ ಮಾಡಿದ. ಕಂಡಕ್ಟರ್ ನೀರು ತಂದುಕೊಟ್ಟ.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೆರಿಗೆಯಾಗಿ ಒಂದು ತಾಸಾಗಿತ್ತು, ಗಂಡು ಮಗು. ಮಗಳು ಬಾಗಿಲಲ್ಲಿ ಅಪ್ಪನನ್ನು ಕಂಡು ಮೊದಲು ನಂಬಲಿಲ್ಲ.

"ಫ್ಯಾಕ್ಟರಿ ಮುಚ್ಚಿದ್ರಾ?" ಎಂದಳು.

"ಇಲ್ಲಮ್ಮ. ಓಡ್ತಾ ಇದೆ."

"ನೀವಿಲ್ದೇನೂ ಓಡುತ್ತಾ?"

"ಓಡುತ್ತೆ."

ಅವಳು ಮಗುವಿನ ಹೊದಿಕೆ ಸರಿಮಾಡಿದಳು. "ಹಾಗಾದ್ರೆ ಅವತ್ತು ಬರಬಹುದಿತ್ತಲ್ಲ ಅಪ್ಪ?"

ಅವತ್ತು ಯಂತ್ರ ಹಳತು, ಜನರಿಗೆ ಕೆಲಸ ಗೊತ್ತಿರಲಿಲ್ಲ, ಮ್ಯಾನೇಜರು ಬಿಡಲಿಲ್ಲ, ಹೀಗೆ ಹೇಳಲು ಬೇಕಾದಷ್ಟಿತ್ತು. ಯಾವುದನ್ನು ಹೇಳಿದ್ದರೂ ಅವಳು ನಂಬುತ್ತಿದ್ದಳು. ಹೆಂಡತಿಯೂ ಪಕ್ಕದಿಂದ ಕಣ್ಣಲ್ಲೇ, ಏನಾದರೂ ಹೇಳಿ ಎಂದು ಸನ್ನೆ ಮಾಡುತ್ತಿದ್ದಳು.

"ಬರಬಹುದಿತ್ತು ಕಂದ" ಎಂದ ಮಾಮ. "ಬರಲಿಲ್ಲ."

ಮಗಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅವನು ಅಲ್ಲೇ ಸ್ಟೂಲಿನ ಮೇಲೆ ಕೂತ. ತುಂಬ ಹೊತ್ತಿನ ಮೇಲೆ ಅವಳು, ತಿರುಗದೆಯೇ, "ಈ ತಿಂಗಳು ಪೂರ್ತಿ ಇರ್ತೀರಾ?" ಎಂದು ಕೇಳಿದಳು.