ದೀಪದ ಹೊತ್ತಿಗೆ ಬಂದ್ ಮಾಡುತ್ತಿದ್ದ ಫೋನು

ಸಂಜೆ ದೀಪ ಹಚ್ಚುವ ಮೊದಲು ಫೋನನ್ನು ಪೂರ್ತಿ ಬಂದ್ ಮಾಡುವುದು ನಾನೇ ಹಾಕಿಕೊಂಡ ನೇಮ. ಕೈ ಮುಗಿದು ನಿಂತಾಗ ಅದು ನಡುವೆ ಬಾಯಿ ಹಾಕಬಾರದು, ಅಷ್ಟೇ.

ಆ ವರ್ಷ ಕಾಯ್ಕಿಣಿಯಲ್ಲಿ ನಾದಿನಿಯ ಮಗಳ ಮದುವೆ. ಅರಿಶಿನ ಹಚ್ಚುವಾಗಿನ ಹಾಡು ಪೂರ್ತಿ ಗೊತ್ತಿದ್ದದ್ದು ನನ್ನ ಅತ್ತೆಗೊಬ್ಬರಿಗೇ. ಮೊಣಕಾಲು ಬಾತು ಅವರು ಹಳದೀಪುರದ ನಮ್ಮ ಮನೆಯ ಮೆಟ್ಟಿಲನ್ನೂ ಇಳಿಯುವಂತಿರಲಿಲ್ಲ. ತಾನು ಹೋಗದಿದ್ದರೂ ಹಾಡಾದರೂ ಮೊಮ್ಮಗಳ ಮದುವೆಗೆ ಹೋಗಲಿ ಎಂದು ಅವರ ಆಸೆ. ಹೊನ್ನಾವರದ ಕಾಲೇಜಿಗೆ ಹೋಗುವ ನನ್ನ ಮಗಳು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ನಾಲ್ಕಾರು ಮನೆಯವರು ಒಟ್ಟಿಗೆ ಮಾತಾಡಬಹುದು. ನಾದಿನಿ, ಧಾರೇಶ್ವರದ ಅವಳ ಓರಗಿತ್ತಿ, ಭಟ್ಕಳದ ಇನ್ನಿಬ್ಬರು ಸಂಜೆ ದೀಪವಾದ ಮೇಲೆ ಹಾಡು ಕಲಿಯಲು ಅದರಲ್ಲಿ ಸೇರುವುದೆಂದಾಯಿತು.

ಅತ್ತೆ ಮಾತಾಡಿದರೆ ಎಲ್ಲರಿಗೂ ಕೇಳುತ್ತಿತ್ತು. ಹಾಡಿದರೆ ಇಲ್ಲ.

“ಆಯಿ, ನಡುನಡುವೆ ನಿಂತೇ ಹೋಗ್ತದೆ. ಉಸಿರು ಸಾಕಾಗೂದಿಲ್ವ ನಿಂಗೆ?” ಎಂದಳು ನಾದಿನಿ.

ಸುತ್ತಲಿನ ಗದ್ದಲ ತಡೆಯಲೆಂದು ಆ ಆ್ಯಪಿನಲ್ಲಿ ಒಂದು ಸೆಟ್ಟಿಂಗ್ ಇತ್ತು. ಎಳೆದು ಹಾಡಿದ್ದನ್ನೂ ಅದು ಗದ್ದಲವೆಂದೇ ತಿಳಿದು ಕತ್ತರಿಸುತ್ತಿತ್ತು. ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಮಗಳು ಅದನ್ನು ಆಫ್ ಮಾಡಿಟ್ಟರೆ ಸಂಜೆಗೆ ಮತ್ತೆ ಹಾಗೇ. ಅವಳು ಕ್ಲಾಸು ಮುಗಿಸಿ ಬರುವಾಗ ತಡ. ಐದಾರು ಕಡೆ ಒತ್ತಬೇಕು, ಎಲ್ಲ ಇಂಗ್ಲಿಷು; ನನ್ನ ಕೈಗೆ ಬಗ್ಗಲಿಲ್ಲ.

ಮೂರನೆಯ ಸಂಜೆ ಅತ್ತೆ ಫೋನನ್ನು ನನ್ನ ಕಡೆ ದೂಡಿದರು. “ಸಾಕು ಮಾರಾಯ್ತಿ. ನನ್ ಗಂಟ್ಲು ಮುಗೀತು. ಬ್ಯಾಂಡಿನವ್ರನ್ನೇ ಕರ್ಸ್ಕಳ್ಲಿ.”

ಭಾನುವಾರ ಮಗಳು ಮನೆಯಲ್ಲಿದ್ದಳು. ನಾನು ದೀಪಕ್ಕೆ ಎಣ್ಣೆ ಹಾಕಿ ಫೋನು ಬಂದ್ ಮಾಡುವುದನ್ನು ಕಂಡಳು.

“ಅಮ್ಮ, ದಿನಾ ಹೀಂಗೇ ಮಾಡ್ತೆಯ?”

“ಮತ್ತೆಂತ ಮಾಡೂದು?”

“ಬಂದ್ ಮಾಡಿದ್ರೆ ಈ ಆ್ಯಪಿಗೆ ನಾವು ಹೇಳಿದ್ದು ಎಂತದೂ ನೆನಪಿರೂದಿಲ್ಲ. ಅಜ್ಜಿ ಗಂಟ್ಲದ್ದೆಂತ ತಪ್ಪಿಲ್ಲ.”

ನೇಮ ಬಿಡಲು ನನಗೆ ಮನಸ್ಸಿಲ್ಲ. ಒಳಗಿನಿಂದ ಅತ್ತೆ ಹೇಳಿದರು: “ನಿನ್ ಗಂಡ ತೊಟ್ಲಲ್ಲಿ ಕೂಗ್ತಾ ಇದ್ದಾಗ್ಲೇ ನಾ ದೀಪ ಹಚ್ಚಿದ್ದು. ಅವ್ನ ಬಾಯಿಗೆ ಬಟ್ಟೆ ತುರುಕ್ಲಿಲ್ಲ.”

ಮರುದಿನ, ಮಗಳು ಬೆಳಿಗ್ಗೆ ಸೆಟ್ಟಿಂಗ್ ಆಫ್ ಮಾಡಿಟ್ಟಿದ್ದ ಫೋನನ್ನು ಬಂದ್ ಮಾಡದೆ ಅಕ್ಕಿ ಡಬ್ಬದ ಮೇಲಿಟ್ಟು ದೀಪ ಹಚ್ಚಿದೆ. ಅದು ಒಮ್ಮೆ ಗುಂಯ್ ಅಂದಿತು. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊ ದೇವರೇ ಎಂದು ಬೇಡಿಕೊಂಡು ಬಂದೆ.

ಅತ್ತೆ ಮೊದಲ ಸಾಲು ಎತ್ತಿದರು. ಈ ಸಲ ಅದು ನಡುವೆ ಎಲ್ಲೂ ಕತ್ತರಿಸಲಿಲ್ಲ. ಆ ಕಡೆ ನಾಲ್ವರೂ ಒಬ್ಬರ ಹಿಂದೊಬ್ಬರು ಅದನ್ನು ತಿರುಗಿಸಿ ಹಾಡಿದರು.

“ಎಂತದೇ ಅದು, ಅರಿಶಿನ ಹಚ್ಚೂದೋ, ಗದ್ದೆ ಹೂಡೂದೋ? ಇನ್ನೊಂದ್ಸಲ ಹೇಳಿ,” ಎಂದರು ಅತ್ತೆ.

ಮದುವೆಯ ತನಕ ಫೋನು ಬಂದ್ ಆಗಲಿಲ್ಲ. ಎರಡು ದಿನ ಕರೆಂಟು ಹೋದರೂ ಚಾರ್ಜು ಉಳಿಯಿತು. ಅದೂ ದೇವರ ದಯೆಯೇ.

ಅರಿಶಿನದ ದಿನ ನಾದಿನಿ ತನ್ನ ಫೋನನ್ನು ಮದುಮಗಳ ಪಕ್ಕದಲ್ಲಿಟ್ಟಿದ್ದಳು. ಹಾಡು ಕಾಯ್ಕಿಣಿಯಿಂದ ನಮ್ಮ ಜಗಲಿಗೆ ಕೇಳಿತು. ಮೂರನೆಯ ನುಡಿಯಲ್ಲಿ ಹಾಡುವವರು ತಪ್ಪಿದರು. ನಾನು ಅತ್ತೆಯ ಮುಖ ನೋಡಿದೆ. ಅವರು ತಿದ್ದಲಿಲ್ಲ. ಹಾಡು ಮುಗಿಯುವವರೆಗೆ ಕಾಲು ನೀಡಿ ಕೂತಿದ್ದು, “ಆತು, ಚಾ ಇಡು,” ಎಂದರು.