ಮೂರನೆಯ ತೊಲೆಯ ಮೇಲಿನ ಸಹಿ

ದೆವ್ವ, ಮಾಟ, ಮೈಮೇಲೆ ಬರುವುದು, ಸತ್ತವರು ಕನಸಿನಲ್ಲಿ ಬಂದು ಹೇಳಿಹೋಗುವುದು, ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಕಲಬುರಗಿಯ ಬ್ರಹ್ಮಪುರದ ನಮ್ಮ ಓಣಿಯ ಕಟ್ಟೆಯ ಮೇಲೆ ಯಾರಾದರೂ ಅಂಥ ಕಥೆ ಶುರು ಮಾಡಿದರೆ ನಡುವೆ ಬಾಯಿ ಹಾಕಿ, “ನೀವು ಕಣ್ಣಾರೆ ಕಂಡೀರೇನು?” ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವೂ ನನ್ನನ್ನು ಅದೇ ಪ್ರಶ್ನೆ ಕೇಳಬಹುದು. ನಾನು ಕಂಡಿಲ್ಲ. ಆದರೆ ಕಂಡವರು ಕಂಡದ್ದು ನನ್ನನ್ನೇ!

ಎಂಬತ್ತರ ದಶಕದ ಕೊನೆಯ ಮಾತಿದು. ನಾನಾಗ ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ನಾವು ಏಳೆಂಟು ಜನ ಗೆಳೆಯರು ಬೇಸಿಗೆಯ ರವಿವಾರಗಳಲ್ಲಿ ಒಂದು ಕೆಲಸ ಹಚ್ಚಿಕೊಂಡಿದ್ದೆವು. ಸ್ವಂತ ಮನೆಯೇನೋ ಇದೆ, ಅದನ್ನು ದುರಸ್ತಿ ಮಾಡಿಸುವ ತ್ರಾಣವಿಲ್ಲ ಎನ್ನುವಂಥವರ ಊರಿಗೆ ಹೋಗಿ, ಮಳೆಗಾಲಕ್ಕೆ ಮುಂಚೆ ಅವರ ಮಾಳಿಗೆ, ಅಂದರೆ ಮಣ್ಣಿನ ಚಾವಣಿ, ಸರಿಮಾಡಿ ಬರುವುದು. ಕೂಲಿಯಿಲ್ಲ, ಬುತ್ತಿಯೂ ನಮ್ಮದೇ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಅಡ್ಡ ತೊಲೆಗಳು, ಅವುಗಳ ಮೇಲೆ ಹಲಗೆ, ಹಲಗೆಯ ಮೇಲೆ ಗೇಣು ದಪ್ಪ ಮಣ್ಣು. ತೊಲೆ ಮುರಿದರೆ ಆ ಮಣ್ಣೆಲ್ಲ ತಲೆಯ ಮೇಲೆ. ಜನ ನಮ್ಮನ್ನು ‘ರವಿವಾರದ ಗೌಂಡಿಗಳು’ ಎಂದು ಚೇಷ್ಟೆ ಮಾಡುತ್ತಿದ್ದರು. ನಮಗದು ಬಿರುದು ಕೊಟ್ಟಷ್ಟೇ ಖುಷಿಯಾಗುತ್ತಿತ್ತು.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಮನೆ ಕಟ್ಟುವ ಕಸುಬು ಬಲ್ಲ ಗೌಂಡಿ ಎಂದರೆ ಮೌಲಾಸಾಬರೊಬ್ಬರೇ. ಉಳಿದವರು ಬುಟ್ಟಿಯಲ್ಲಿ ಮಣ್ಣು ಹೊರುವವರು. ಮುಂಚಿತವಾಗಿ ಹೋಗಿ ಮನೆ ನೋಡಿ ಬರುವ ಕೆಲಸ ನನ್ನದಾಗಿತ್ತು. ಸುತ್ತಿಗೆಯಿಂದ ಒಂದೊಂದೇ ತೊಲೆ ಬಡಿದು ಸದ್ದು ಕೇಳುತ್ತಿದ್ದೆ. ಗಟ್ಟಿಯಿದ್ದದ್ದಕ್ಕೆ ಕಾವಿಕಲ್ಲಿನಿಂದ ರೈಟು ಹಾಕುವುದು, ಕೆಟ್ಟದ್ದಕ್ಕೆ ಇಂಟು. ಉತ್ತರಪತ್ರಿಕೆ ತಿದ್ದುವ ಕೈ, ಇನ್ನೇನು ಮಾಡೀತು? ಮೌಲಾಸಾಬರು ಮಾತ್ರ ಪ್ರತಿ ಸಲವೂ ಎಚ್ಚರಿಸುತ್ತಿದ್ದರು: “ಬರೇ ಆವಾಜಿನ ಮ್ಯಾಲ ಭರೋಸಾ ಇಡಬ್ಯಾಡ್ರಿ ಮಾಸ್ತರ್ರ. ತೊಲಿ ನಡುವ ಸಾಯಂಗಿಲ್ಲ, ಗ್ವಾಡ್ಯಾಗ ಸಾಯ್ತದ. ತುದೀ ಕೆರದು ಮೊಳಿ ಚುಚ್ಚಿ ನೋಡ್ರಿ.”

ಆ ವರ್ಷ ಕಮಲಾಪುರದಿಂದ ಶರಣಮ್ಮ ಎಂಬಾಕೆ ಹೇಳಿಕಳಿಸಿದ್ದಳು. ಗಂಡ ತೀರಿಹೋಗಿ ಬಹಳ ದಿನವಾಗಿತ್ತು. ಅವರಿವರ ಬಾಳೆಯ ತೋಟಗಳಲ್ಲಿ ದುಡಿದು ಮಗಳ ಮದುವೆ ಮಾಡಿದ್ದಳು. ಈಗ ಆ ಮಗಳು, ಮಹಾದೇವಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ಅಷ್ಟರೊಳಗೆ ಮಾಳಿಗೆ ಸರಿಯಾಗಬೇಕು ಎಂಬುದೊಂದೇ ಆ ತಾಯಿಯ ಹಂಬಲ.

ನಾನು ಮನೆ ನೋಡಲು ಹೋದದ್ದು ಒಂದು ರವಿವಾರದ ಸಂಜೆ. ಆಕೆ ಆಗಷ್ಟೇ ತೋಟದಿಂದ ಬಂದು ಕೈಕಾಲು ತೊಳೆಯುತ್ತಿದ್ದಳು. ಒಟ್ಟು ಐದು ತೊಲೆ. ಮೊದಲಿನದು ಮತ್ತು ಕೊನೆಯದು ಹೋಗಿದ್ದವು. ಅವಕ್ಕೆ ಇಂಟು ಹಾಕಿದೆ. ನಡುವಿನದು, ಅಂದರೆ ಮೂರನೆಯದು, ಬಡಿದರೆ ಟಣ್ ಎಂದಿತು. ಆದರೆ ಅದರ ಒಂದು ತುದಿ ದೇವರ ಜಗಲಿಯ ಹಿಂದಿನ ಗೋಡೆಯಲ್ಲಿತ್ತು. ಜಗಲಿಯ ಮೇಲೆ ಸಾಲಾಗಿ ದೇವರುಗಳು, ಫೋಟೋಗಳು, ಗಂಟೆ, ದೀಪ. ಅವನ್ನು ತೆಗೆಯದೆ ಗೋಡೆ ಕೆರೆಯುವಂತಿರಲಿಲ್ಲ.

ಶರಣಮ್ಮನೇ ಹೇಳಿದಳು: “ಅರ್ಧಾ ತಾಸು ತಡೀರಿ ಮಾಸ್ತರ್ರ. ನೀರು ಸೇದಿ ತಂದು ಜಳಕಾ ಮಾಡಿ ಬರ್ತೀನಿ. ಮೈಲಿಗಿ ಕೈಲಿಂದ ದೇವ್ರು ಹ್ಯಾಂಗ ಮುಟ್ಲಿ?”

ನಮ್ಮ ಮನೆಯಲ್ಲೂ ಮಡಿಯಿಲ್ಲದೆ ಯಾರೂ ದೇವರ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ಆಕೆಯ ಮಾತು ನನಗಿಂತ ಚೆನ್ನಾಗಿ ಯಾರಿಗೆ ತಿಳಿಯಬೇಕು? ಆದರೆ ಕಲಬುರಗಿಯ ಬಸ್ಸಿಗೆ ಹೊತ್ತಾಗಿತ್ತು. ಅದು ತಪ್ಪಿದರೆ ಮುಂದಿನದು ಯಾವಾಗಲೋ. “ಬ್ಯಾಡ ಬಿಡ್ರೆವ್ವಾ, ಸದ್ದು ಚಲೋ ಅದ” ಎಂದು ಮೂರನೆಯದಕ್ಕೂ ರೈಟು ಎಳೆದೆ. ಆಕೆ ತಲೆಯೆತ್ತಿ ಅದನ್ನೇ ನೋಡುತ್ತ, “ಹಂಗಾದ್ರ ಇದಕ್ಕ ಕೂಸಿನ ತೊಟ್ಲಾ ಕಟ್ಟಬಹುದೇನ್ರಿ?” ಎಂದು ಕೇಳಿದಳು. “ಧೈರ್ಯದಿಂದ ಕಟ್ರಿ” ಎಂದು ಹೇಳಿ ಬಸ್ಸಿಗೆ ಓಡಿದೆ.

ಮುಂದಿನ ಎರಡು ರವಿವಾರ ನಾವೆಲ್ಲ ಹೋಗಿ ಎರಡು ತೊಲೆ ಬದಲಿಸಿ ಮೇಲೆ ಹೊಸ ಮಣ್ಣು ಹಾಕಿದೆವು. ಕೆಲಸಕ್ಕೆ ಕೈ ಹಚ್ಚುವ ಮೊದಲು ಮೌಲಾಸಾಬರು ನನ್ನನ್ನು ಕೇಳಿದರು: “ಮೂರನೇದ್ರ ತುದಿ ನೋಡೀರಿಲ್ರಿ?” ಆಗಲಾದರೂ ಇಲ್ಲವೆನ್ನಬಹುದಿತ್ತು. ಒಮ್ಮೆ ಹಾಕಿದ ಗುರುತನ್ನು ನಾಲ್ಕು ಜನರೆದುರು ತಿದ್ದುವುದು ಮಾಸ್ತರನಾದ ನನಗೆ ಅವಮಾನವೆನಿಸಿತು. “ನೋಡೀನಿ” ಎಂದೆ. ಅವರು ಮತ್ತೆ ಕೇಳಲಿಲ್ಲ. ಹಿಂದಿನದಕ್ಕಿಂತ ದಪ್ಪವಾಗಿಯೇ ಮಣ್ಣು ಹಾಕಿಸಿದರು.

ಶ್ರಾವಣದಲ್ಲಿ ಮಳೆ ಹಿಡಿಯಿತು. ಮಹಾದೇವಿಗೆ ಹೆಣ್ಣು ಮಗುವಾಗಿ ತೊಟ್ಟಿಲ ಕಾರ್ಯವೂ ಆಯಿತೆಂದು ಕಮಲಾಪುರದಿಂದ ಬಂದವರೊಬ್ಬರು ಹೇಳಿದರು. ಆಮೇಲೆ ಹದಿನೈದು ದಿನವೂ ಆಗಿರಲಿಕ್ಕಿಲ್ಲ, ಒಂದು ಶುಕ್ರವಾರ ಅವರೇ ಮತ್ತೆ ಬಂದು ಶರಣಮ್ಮನ ಮಾಳಿಗೆ ಬಿತ್ತೆಂದರು. ನನಗೆ ಮೊದಲು ಕಣ್ಣೆದುರು ಬಂದದ್ದು ತೊಟ್ಟಿಲು. ಯಾರಿಗೂ ಏನೂ ಆಗಿಲ್ಲ ಎಂದು ಅವರು ಎರಡೆರಡು ಸಲ ಹೇಳಿದರೂ ನನಗೆ ನಂಬಿಕೆ ಬರಲಿಲ್ಲ. ಮೌಲಾಸಾಬರನ್ನು ಕರೆದುಕೊಂಡು ಮರುದಿನ ಬೆಳಿಗ್ಗೆಯೇ ಹೊರಟೆ.

ಮನೆಯ ನಡುವೆ ಮಣ್ಣಿನ ಗುಡ್ಡೆ, ಮೇಲೆ ಬಯಲು ಆಕಾಶ. ಪಕ್ಕದ ಮನೆಯ ಪಡಸಾಲೆಯಲ್ಲಿ ಕೂಸು ತಾಯಿಯ ತೊಡೆಯ ಮೇಲೆ ಮಲಗಿತ್ತು. ಶರಣಮ್ಮ ನನ್ನನ್ನು ಕಂಡವಳೇ ಓಡಿಬಂದು ಕಾಲು ಹಿಡಿದಳು. ಬೈಯಲು ಬಂದಳೆಂದುಕೊಂಡು ನಾನು ಹಿಂದೆ ಸರಿದಿದ್ದೆ. ಆಕೆ ಹೇಳಿದ್ದು ಇಷ್ಟು:

“ಮಂಗಳವಾರ ನೀವು ಬರದಿದ್ರ ನನ್ನ ಮೊಮ್ಮಗಳು ಮಣ್ಣಾಗ ಹೋಗ್ತಿತ್ರಿ ಮಾಸ್ತರ್ರ. ನಡುಮಧ್ಯಾಹ್ನದಾಗ ಬಂದು ಹೊಸ್ತಲದಾಗ ನಿಂತ್ರಿ. ದೇವ್ರು ತೆಗೀರೆವ್ವಾ, ಗ್ವಾಡಿ ನೋಡಬೇಕು ಅಂದ್ರಿ. ನಾ ನೀರು ಸೇದಿ ತಂದು ಜಳಕಾ ಮಾಡಿ ಬರೂತನಕಾ ಹಂಗಽ ನಿಂತೇ ಇದ್ರಿ. ಕೂಡ್ರಿ ಅಂದ್ರ ಕೂಡ್ಲಿಲ್ಲ, ನೀರು ಕೊಟ್ರ ಕುಡೀಲಿಲ್ಲ. ಕಾಲಾಗ ಚಪ್ಪಲ್ ಸೈತ ಇದ್ದಿದ್ದಿಲ್ಲ. ಗ್ವಾಡಿ ಕೆರದು ಮೊಳಿ ಚುಚ್ಚಿದ್ರಿ, ಬೆಣ್ಯಾಗ ಹೋದಂಗ ಹೋತು. ತೊಟ್ಲಾ ಬಿಚ್ಚಿ ಈಗಽ ಬಾಜೂ ಮನೀಗಿ ಹೋಗ್ರಿ ಅಂದ್ರಿ. ನಾವು ಹೋದ್ವಿ. ಬುಧವಾರ ಬಿತ್ತು.”

ಮಹಾದೇವಿ ಕೂತಲ್ಲಿಂದಲೇ ಹೌದೆಂದು ತಲೆಯಾಡಿಸಿದಳು. ಅವಳೂ ನೋಡಿದ್ದಳಂತೆ.

ಆ ಮಂಗಳವಾರ ನಾನು ಕಲಬುರಗಿ ಬಿಟ್ಟು ಕದಲಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಶಾಲೆಯಲ್ಲಿ ಪಾಠ ಮಾಡಿದ್ದೆ. ಹಾಜರಿ ಪುಸ್ತಕದಲ್ಲಿ ನನ್ನ ಸಹಿಯಿತ್ತು. ಆಮೇಲೆ ಅದನ್ನು ತೆಗೆದು ನೋಡಿ ಖಾತ್ರಿ ಮಾಡಿಕೊಂಡೆ ಎಂದರೆ ನನ್ನ ಅವಸ್ಥೆ ನಿಮಗೆ ತಿಳಿದೀತು. ಜೊತೆಯ ಮಾಸ್ತರರನ್ನೂ ಸುತ್ತುಬಳಸಿ ಕೇಳಿದೆ. ಮಧ್ಯಾಹ್ನ ಎಲ್ಲರೂ ಒಟ್ಟಿಗೇ ಕೂತು ಚಹಾ ಕುಡಿದಿದ್ದೆವು.

ಮೌಲಾಸಾಬರು ಆಗಲೇ ಮಣ್ಣಿನ ಮೇಲೆ ಹತ್ತಿ ಮುರಿದ ತೊಲೆಯನ್ನು ಹೊರಳಿಸುತ್ತಿದ್ದರು. ನಾನೂ ಹೋಗಿ ಬಗ್ಗಿ ನೋಡಿದೆ. ಗೋಡೆಯೊಳಗಿದ್ದ ತುದಿ ಕಪ್ಪಗೆ ಕೊಳೆತು ಹಿಟ್ಟಾಗಿತ್ತು. ತುಸು ಈಚೆ ನಾನು ಹಾಕಿದ್ದ ಕಾವಿಯ ರೈಟು ಹಾಗೇ ಇತ್ತು. ಅದರ ಮೇಲೆ ಒಂದು ಅಡ್ಡಗೆರೆ. ಪಕ್ಕದಲ್ಲಿ ಇಂಟು. ಇಂಟುವಿನ ಕೆಳಗೆ ನನ್ನ ಚಿಕ್ಕ ಸಹಿ.

ಮಾಸ್ತರಿಕೆ ಮಾಡಿದವರಿಗೆ ಇದು ಗೊತ್ತು. ಉತ್ತರಪತ್ರಿಕೆಯಲ್ಲಿ ಕೊಟ್ಟ ಅಂಕ ತಿದ್ದಿದರೆ ಹಳೆಯದನ್ನು ಹೊಡೆದುಹಾಕಿ, ಹೊಸದನ್ನು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಬೇಕು. ತೊಲೆಗಳ ಮೇಲೆ ನಾನು ಎಂದೂ ಸಹಿ ಮಾಡಿದವನಲ್ಲ, ಯಾಕೆಂದರೆ ಅಲ್ಲಿ ಎಂದೂ ಏನನ್ನೂ ತಿದ್ದಿರಲಿಲ್ಲ. ಆದರೆ ಅದು ನನ್ನದೇ ಕೈ. ಕೊನೆಯಲ್ಲಿ ಎಡಕ್ಕೆ ಹೊರಳುವ ಬಾಲ ಕೂಡ ನನ್ನದೇ.

ಜಗಲಿಯ ಹಿಂದೆ ಕೆರೆದಿದ್ದ ಗೋಡೆಯನ್ನು ಮೌಲಾಸಾಬರು ಬೆರಳಿಂದ ಸವರಿ ನೋಡಿದರು. ಅದು ಹೊಸದಾಗಿ ಕೆರೆದದ್ದೆಂದು ಅವರಿಗೆ ತಿಳಿಯದೆ ಇದ್ದೀತೇ? ಬೇಸಿಗೆಯಲ್ಲಿ ನಾನು ಸುಳ್ಳು ಹೇಳಿದ್ದೂ ಆಗಲೇ ತಿಳಿದಿರಬೇಕು. ನನ್ನ ಕಡೆ ತಿರುಗಿ ಕೇಳಿದರು: “ಈ ನಿಶಾನಿ ನೀವಽ ಹಾಕಿದ್ದೇನ್ರಿ?”

ಹಿಂದೆ ಶರಣಮ್ಮ ಕೈ ಮುಗಿದು ನಿಂತಿದ್ದಳು. ನಾನು “ಹೂಂ” ಎಂದೆ.

“ಆಮ್ಯಾಲರ ಬಂದ್ರಲ್ಲ, ಚಲೋ ಆತು” ಎಂದು ಅವರು ನನ್ನ ಹೆಗಲು ತಟ್ಟಿದರು. ಕೆನ್ನೆಗೆ ಹೊಡೆದಿದ್ದರೂ ನಾನು ಅಷ್ಟು ಕುಗ್ಗುತ್ತಿರಲಿಲ್ಲ.

ಆ ಮಾಳಿಗೆಯನ್ನು ನಾವೇ ಮತ್ತೆ ಕಟ್ಟಿಕೊಟ್ಟೆವು. ಅದರಲ್ಲೇನೂ ದೊಡ್ಡಸ್ತಿಕೆಯಿಲ್ಲ. ಆದರೆ ಮೌಲಾಸಾಬರು ಈ ಸಂಗತಿಯನ್ನು ಹೋದ ಊರಲ್ಲೆಲ್ಲ ಹೇಳತೊಡಗಿದರು. ನಮ್ಮ ಮಾಸ್ತರು ತಪ್ಪು ಮಾಡಿದರು, ಆದರೆ ಶಾಲೆ ಬಿಟ್ಟು ಬರಿಗಾಲಲ್ಲಿ ಓಡಿಹೋಗಿ ತಿದ್ದಿಕೊಂಡರು, ಅಂಥ ಮನುಷ್ಯ ಎಂದು. ನಾನು ಒಮ್ಮೆಯೂ ಅಲ್ಲಗಳೆಯಲಿಲ್ಲ. ಮೊದಮೊದಲು ಹೇಗೆ ಹೇಳುವುದೆಂದು ತೋಚಲಿಲ್ಲ. ಆಮೇಲೆ, ಈಗ ಯಾಕೆ ಹೇಳುವುದೆಂದು ಬಿಟ್ಟೆ. ಪ್ರತಿ ಶ್ರಾವಣದಲ್ಲಿ ಶರಣಮ್ಮ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಕಳಿಸುತ್ತಿದ್ದಳು. ಅದರಲ್ಲಿ ಒಂದು ಹಣ್ಣನ್ನೂ ನನಗೆ ತಿನ್ನಲಾಗಲಿಲ್ಲ. ಎಲ್ಲವನ್ನೂ ಓಣಿಯ ಮಕ್ಕಳಿಗೆ ಹಂಚಿಬಿಡುತ್ತಿದ್ದೆ. ಒಂದು ವರ್ಷ ಹಣ್ಣು ಬರಲಿಲ್ಲ. ವಿಚಾರಿಸಿದಾಗ ಆಕೆ ತೀರಿಕೊಂಡದ್ದು ತಿಳಿಯಿತು. ಅದಾದ ಮೇಲೆ ಮೌಲಾಸಾಬರೂ ಹೋದರು. ಅವರ ಕೊನೆಯ ದಿನಗಳಲ್ಲಿ ಎರಡು ಸಲ ನೋಡಲು ಹೋಗಿದ್ದೆ. ಎರಡೂ ಸಲ ಹವೆಯ ಮಾತು, ಊರ ಮಾತು ಆಡಿ ಎದ್ದುಬಂದೆ.

ನನ್ನ ಹೆಂಡತಿಗೊಬ್ಬಳಿಗೆ ನಿಜ ಹೇಳಿದ್ದೇನೆ. ದೇವರೇ ನಿಮ್ಮ ರೂಪದಲ್ಲಿ ಬಂದಿದ್ದ ಎನ್ನುತ್ತಾಳೆ ಅವಳು. ದೇವರಿಗೆ ನನ್ನ ಚಿಕ್ಕ ಸಹಿ ಯಾತಕ್ಕೆ ಬೇಕಿತ್ತು ಎಂದು ಕೇಳಿದರೆ ಸಿಟ್ಟಾಗುತ್ತಾಳೆ. ನನಗೂ ಬೇರೆ ಉತ್ತರ ಹೊಳೆದಿಲ್ಲ. ತಾಯಿ ಮಗಳು ಸೇರಿ ಸುಳ್ಳು ಹೇಳಿದರೆನ್ನಲು ಆ ಕಾವಿಯ ಗುರುತು ಬಿಡುವುದಿಲ್ಲ, ನಾನೇ ಹೋಗಿ ಮರೆತೆನೆನ್ನಲು ಹಾಜರಿ ಪುಸ್ತಕ ಬಿಡುವುದಿಲ್ಲ.

ಬಂದವನು ಯಾರೆಂದು ಯೋಚಿಸುವುದನ್ನು ಈಗ ಬಿಟ್ಟಿದ್ದೇನೆ. ಆದರೆ ಅವನು ಆ ಹೊಸ್ತಿಲಲ್ಲಿ ನಿಂತದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಒಬ್ಬ ಹೆಂಗಸು ನೀರು ಸೇದಿ ತಂದು, ಜಳಕ ಮಾಡಿ, ತನ್ನ ದೇವರುಗಳನ್ನು ಒಂದೊಂದಾಗಿ ಎತ್ತಿಡುವವರೆಗೆ ಅವನು ಸುಮ್ಮನೆ ಕಾದ. ಕಾಯಬೇಕಾಗಿದ್ದವನು ನಾನು. ನನಗೆ ಬಸ್ಸಿಗೆ ಹೊತ್ತಾಗಿತ್ತು.